ಮದ್ದು ‘ಒಗ್ಗು’ವುದೋ, ‘ಹಿಡಿಯದಿರು’ವುದೋ?

ಬಲ್ಲವರಲ್ಲೊಂದು ಪ್ರಶ್ನೆ. ಮಂಡ್ಯ ಕಡೆಯ ರೋಗಿಗಳಿಗಾಗಿ ಕರಪತ್ರವೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಕ್ಯಾನ್ಸರ್ ನೋವಿಗೋ ಬೆನ್ನುನೋವಿಗೋ ತಿಂಗಳುಗಟ್ಟಲೆ ಮಾರ್ಫಿನ್, ಟ್ರಮಡಾಲ್ ತೆಗೆದುಕೊಂಡ ಕೆಲವರಿಗೆ, ಹಲ್ಲು ಕೀಳುವಾಗ ಇಲ್ಲವೆ ಹೊಲಿಗೆ ಹಾಕುವಾಗ ನೋವು ತಿಳಿಯದಿರಲೆಂದು ಕೊಡುವ ಲಿಗ್ನೋಕೇನ್ ಸೂಜಿ ಸಾಲದೆ ಹೋಗಬಹುದು. ಹಾಗಾಗಿ ಮೊದಲೇ ವೈದ್ಯರಿಗೆ ತಿಳಿಸಿ, ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ ಎನ್ನುವುದು ಅದರ ಸಾರ.

ತೊಡಕಿರುವುದು ‘ಟಾಲರೆನ್ಸ್’ ಎಂಬಲ್ಲಿ, ಅಂದರೆ ಬಳಸುತ್ತ ಬಂದ ಮದ್ದಿನ ಪರಿಣಾಮ ಕುಗ್ಗುವುದಕ್ಕೆ ಕನ್ನಡ ಪದ ಹುಡುಕುವುದರಲ್ಲಿ. ‘ಸಹಿಷ್ಣುತೆ’ ಅಂದರೆ ಜಾತಿ-ಧರ್ಮದ ಭಾಷಣ ನೆನಪಾಗುತ್ತದೆ. ಇಲ್ಲವೆ ರೋಗಿಗೆ ನೋವು ತಡೆಯುವ ತಾಕತ್ತು ಹೆಚ್ಚಿದೆ ಎಂದಾಗಿ ಅರ್ಥವೇ ತಿರುಗುಮುರುಗು. ‘ಚಟ’ ಅಂದರಂತೂ ಮುಗಿಯಿತು, ಚೀಟಿ ತೋರಿಸಿ ಮಾತ್ರೆ ತಂದು ನುಂಗುವ ಅಜ್ಜಿಯನ್ನೂ ಅಫೀಮಿನವಳು ಮಾಡಿಬಿಟ್ಟಂತೆ. ನಮ್ಮ ಕಡೆ ‘ಮೈ ಮದ್ದಿಗೆ ಒಗ್ಗೋಗೈತೆ’ ಅಂತಾರೆ. ಮೊದಲಿನ ಪ್ರಮಾಣ ಸಾಲದೆ ಏರಿಸುತ್ತ ಹೋಗಬೇಕಾಗುತ್ತದಲ್ಲ, ಮಾರ್ಫಿನ್ ಮಟ್ಟಿಗೆ ಅದಕ್ಕೆ ಇದಕ್ಕಿಂತ ಒಳ್ಳೆಯ ಮಾತು ಕಾಣೆ.

ಆದರೆ ಅದನ್ನೇ ಎಳೆದು ‘ಮೈ ಸೂಜಿಗೂ ಒಗ್ಗಿದೆ’ ಎಂದು ಬರೆಯುವ ಹಾಗಿಲ್ಲ. ಆ ರೋಗಿ ಲಿಗ್ನೋಕೇನಿನ ಮುಖವನ್ನೇ ಕಂಡಿರಲಿಕ್ಕಿಲ್ಲ! ಎರಡರ ದಾರಿಯೂ ಬೇರೆ. ಮಾರ್ಫಿನ್ ಮುಖ್ಯವಾಗಿ ಮಿದುಳು, ಬೆನ್ನುಹುರಿಗಳ ಗ್ರಾಹಕಗಳ (ಮದ್ದು ಬಂದು ಅಂಟುವ ತಾಣಗಳ) ಮೇಲೆ ಕೆಲಸ ಮಾಡುತ್ತದೆ. ಲಿಗ್ನೋಕೇನ್ ಚುಚ್ಚಿದ ಜಾಗದ ನರದಲ್ಲಿ ಸೋಡಿಯಂ ಒಳನುಗ್ಗುವ ಬಾಗಿಲು ಮುಚ್ಚಿ, ನೋವಿನ ಸುದ್ದಿ ಮೇಲಕ್ಕೆ ಹೋಗದಂತೆ ತಡೆಯುತ್ತದೆ. ಮಾರ್ಫಿನ್, ಟ್ರಮಡಾಲ್ ಜಾತಿಯ ಒಪಿಯಾಯ್ಡ್‌ಗಳನ್ನು ಬಹುಕಾಲ ಬಳಸಿದ ಕೆಲವರಲ್ಲಿ ನರವ್ಯೂಹವೇ ನೋವಿಗೆ ಹೆಚ್ಚು ಸೂಕ್ಷ್ಮವಾಗುವುದುಂಟು. ಸೂಜಿ ಸೋಲಲು ಅದೂ ಒಂದು ಕಾರಣವಿರಬಹುದು. ಅಂದಹಾಗೆ, ಹಲ್ಲಿನ ಬುಡದಲ್ಲಿ ಕೀವು ಕಟ್ಟಿದ್ದರೆ ಒಂದು ಮಾತ್ರೆಯನ್ನೂ ನುಂಗದವರಿಗೂ ಈ ಸೂಜಿ ಕೈಕೊಡುವುದುಂಟು.

ಸದ್ಯಕ್ಕೆ ‘ಮದ್ದು ಸರಿಯಾಗಿ ಹಿಡಿಯದಿರಬಹುದು’ ಎಂದು ಬರೆದಿಟ್ಟಿದ್ದೇನೆ. ಮೈಸೂರಿನ ಗೆಳೆಯರೊಬ್ಬರು ‘ನಾಟು’ ಸೂಚಿಸಿದರು. ಮದ್ದಿಗೆ ಅದು ಸರಿ, ಆದರೆ ಸೂಜಿಯ ಪಕ್ಕ ನಿಂತರೆ ಚುಚ್ಚಿಕೊಂಡಿತು ಎಂದೇ ಕೇಳುತ್ತದೆ. ‘ಸ್ಥಳೀಯ ಅರಿವಳಿಕೆ’ಯನ್ನೂ ಕೈಬಿಟ್ಟೆ. ಕಣ್ಣು ಬಿಟ್ಟುಕೊಂಡು ಡಾಕ್ಟರ ಜೊತೆ ಮಾತಾಡುತ್ತಿರುವವನ ಅರಿವು ಎಲ್ಲಿ ಅಳಿದಿದೆ? ‘ಸೂಜಿ ಆಕುದ್ರೂ ದವಡೆ ಮರಗಟ್ನೇ ಇಲ್ಲ’ ಅನ್ನುವ ನಮ್ಮೂರ ಮಾತಿನಿಂದ ‘ಮರಗಟ್ಟಿಸುವ ಸೂಜಿ’ ಎಂದು ಮಾಡಿಕೊಂಡಿದ್ದೇನೆ.

ಉಳಿದದ್ದು ನರವ್ಯೂಹ ನೋವಿಗೆ ತೋರುವ ಆ ಹೆಚ್ಚಿನ ಸೂಕ್ಷ್ಮತೆಯ ಹೆಸರು. ‘ಅತಿನೋವು’ ಅಂದರೆ ಬರೀ ಜಾಸ್ತಿ ನೋವು ಎಂದಾಗುತ್ತದೆ. ಸಣ್ಣ ಚುಚ್ಚೂ ದೊಡ್ಡದಾಗಿ ತಾಗುವ ಸ್ಥಿತಿಗೆ ನಿಮ್ಮ ಕಡೆ ಒಂದೇ ಪದ ಏನಾದರೂ ಬಳಕೆಯಲ್ಲಿದೆಯೆ?