ಅಪ್‌ಡೇಟ್: ತಮ್ಮನ ಕಂಪ್ಯೂಟರ್ ಕೋರ್ಸ್ ಏನಾಯ್ತು

ಪಿಯುಸಿ ಮುಗಿಸಿದ ತಮ್ಮನನ್ನು ಹುಬ್ಬಳ್ಳಿಯ ಒಂದು ಖಾಸಗಿ ಕಾಲೇಜಿನ 'ಫುಲ್ ಸ್ಟ್ಯಾಕ್ ಡಿಪ್ಲೊಮಾ'ಗೆ (ವೆಬ್‌ಸೈಟನ್ನು ಮುಂದಿನಿಂದ ಹಿಂದಿನವರೆಗೆ ಪೂರ್ತಿ ಕಟ್ಟೋದು ಕಲಿಸುವ ಕೋರ್ಸ್) ಸೇರಿಸಬಹುದಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಸೇರಿಸಲಿಲ್ಲ.

ತಾಂತ್ರಿಕ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಕೇಂದ್ರ ಸಂಸ್ಥೆ ಎಐಸಿಟಿಇಯ ಮಾನ್ಯತೆ ಪತ್ರ ತೋರಿಸಿ ಅಂದೆವು. ಕೌನ್ಸೆಲರ್ ಮೇಡಂ ಗೋಡೆ ಮೇಲಿದ್ದ ಐಎಸ್‌ಒ ಸರ್ಟಿಫಿಕೇಟ್ (ಸಂಸ್ಥೆ ನಡೆಸುವ ರೀತಿಗೆ ಕೊಡುವ ಗುಣಮಟ್ಟದ ಪತ್ರ) ತೋರಿಸಿದರು. ಚೆಂದದ ಫ್ರೇಮು. ಆದರೆ ಕೋರ್ಸಿನ ಮಾನ್ಯತೆಗೂ ಅದಕ್ಕೂ ಸಂಬಂಧವೇ ಇಲ್ಲ. ಆಮೇಲೆ ಫೀಸಿನ ಚೀಟಿ ಕೊಟ್ಟರು. ಕೆಳಗಡೆ ಶೇ 18 ಜಿಎಸ್‌ಟಿ! ನಿಮ್ಮಲ್ಲೊಬ್ಬರು ಇದನ್ನೇ ಮೊದಲು ನೋಡಿ ಅಂದಿದ್ದರು. ಕಾನೂನಿನ ಮಾನ್ಯತೆ ಇರುವ ಡಿಗ್ರಿ, ಡಿಪ್ಲೊಮಾ ಫೀಸಿಗೆ ಜಿಎಸ್‌ಟಿ ಇಲ್ಲ, ಕೋಚಿಂಗ್‌ಗೆ ಇದೆ. ಅಂದರೆ ಕೋರ್ಸಿಗೆ ಮಾನ್ಯತೆ ಇಲ್ಲ ಅಂತ ಬಿಲ್ಲಿನಲ್ಲಿ ಅವರೇ ಒಪ್ಪಿಕೊಂಡ ಹಾಗಾಯ್ತು, ಅಲ್ವಾ? ಬ್ಯಾನರಿನಲ್ಲಿದ್ದ 'ನೂರಕ್ಕೆ ನೂರು ಪ್ಲೇಸ್‌ಮೆಂಟ್' ಅರ್ಜಿಯ ಹಿಂಬದಿಯಲ್ಲಿ ಸಣ್ಣಕ್ಷರದ 'ಪ್ಲೇಸ್‌ಮೆಂಟ್ ನೆರವು' ಆಗಿತ್ತು.

ಈಗ ತಮ್ಮ ಒಂದು ಖಾಸಗಿ ಐಟಿಐನಲ್ಲಿ ಕೋಪಾ (ಕಂಪ್ಯೂಟರ್ ಆಪರೇಟರ್ ಅಂಡ್ ಪ್ರೋಗ್ರಾಮಿಂಗ್ ಅಸಿಸ್ಟೆಂಟ್) ಟ್ರೇಡ್ ಸೇರಿದ್ದಾನೆ. ಒಂದು ವರ್ಷದ್ದು, ಕೇಂದ್ರ ಸರ್ಕಾರದ ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟ್ (ಎನ್‌ಟಿಸಿ) ಬರುತ್ತೆ. ಎಕ್ಸೆಲ್, ಡೇಟಾಬೇಸ್, ಎಚ್‌ಟಿಎಂಎಲ್, ಸ್ವಲ್ಪ ಜಾವಾಸ್ಕ್ರಿಪ್ಟ್ ಕಲಿಸುತ್ತಾರೆ. ಮುಗಿದ ಮೇಲೆ ಸ್ಟೈಪೆಂಡ್ ಸಿಗುವ ಅಪ್ರೆಂಟಿಸ್‌ಶಿಪ್‌ಗೆ ಅರ್ಜಿ ಹಾಕಬಹುದು. ಇದರಿಂದ ಸೀದಾ ಡೆವಲಪರ್ ಕೆಲಸ ಸಿಗುತ್ತೆ ಅಂತ ನಾನೇನೂ ನಂಬಿಲ್ಲ. ಲ್ಯಾಬಿನ ಕಂಪ್ಯೂಟರ್‌ಗಳೂ ಹಳೇವೇ. ಆದರೆ ಪಾಠ ಮಾಡುವ ಸರ್ ಪಕ್ಕದಲ್ಲಿ ಕೂತು ಕೋಡ್ ತಿದ್ದುತ್ತಾರಂತೆ.

ಅಪ್ಪ ಮಾತ್ರ ಇನ್ನೂ 'ಐಟಿಐ ಅಂದ್ರೆ ಫಿಟ್ಟರ್ ಕೆಲಸ ಅಲ್ವೇನೋ' ಅಂತಾರೆ. ಉಳಿದ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ನೋಡ್ತಾ ಇದ್ದೇವೆ. 8 ಜಿಬಿ ರ‍್ಯಾಮ್ ಸಾಕಾ, ಇಲ್ಲ 16 ಬೇಕಾ?