"ಮಾ" ಅಂದ್ರೆ ಎಲ್ಲಾ ಭಾಷೆಲೂ ಅಮ್ಮನೇನಾ? ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ರಿಗೂ ನಮಸ್ಕಾರ. ಮೂರು ದಿನದಿಂದ ಗ್ರೂಪಲ್ಲಿ ಒಂದೇ ಫಾರ್ವರ್ಡ್ ಸುತ್ತುತಾ ಇದೆ, "ಮಾ ಅಂದ್ರೆ ಜಗತ್ತಿನ ಎಲ್ಲಾ ಭಾಷೆಲೂ ತಾಯಿ, ಆದ್ದರಿಂದ ಎಲ್ಲಾ ಭಾಷೆಗಳೂ ಒಂದೇ ಭಾಷೆಯಿಂದ ಹುಟ್ಟಿದವು" ಅಂತ. ಭಾಷಾವಿಜ್ಞಾನ ಪಾಠ ಮಾಡೋ, ನಿಘಂಟಿನ ಕೆಲಸ ಮಾಡಿರೋ ಮೇಡಂ ಉತ್ತರ ಕೊಡೋಕೆ ಒಪ್ಪಿದಾರೆ. ಒಬ್ರಿಗೆ ಒಂದು ಪ್ರಶ್ನೆ. ಫಾರ್ವರ್ಡ್ ಹಾಕ್ಬೇಡಿ ದಯವಿಟ್ಟು.

ಹಳೇಪುಸ್ತಕ: ಮೇಡಂ ನಾನೇ ಶುರು ಮಾಡ್ತೀನಿ. ಆ ಫಾರ್ವರ್ಡ್ ನಿಜನಾ?

ಮೇಡಂ: ಇಲ್ಲ. ಹಂಗೇರಿಯನ್ನಲ್ಲಿ ಮಾ ಅಂದ್ರೆ ಇವತ್ತು. ಇಟಾಲಿಯನ್ನಲ್ಲಿ "ಆದರೆ". ಎಸ್ಟೋನಿಯನ್ನಲ್ಲಿ "ನಾನು". ಫ್ರೆಂಚಲ್ಲಿ "ನನ್ನ", ಅದೂ ಸ್ತ್ರೀಲಿಂಗದ ಪದದ ಮುಂದೆ ಮಾತ್ರ. ಅರೇಬಿಕ್ಕಲ್ಲಿ "ಏನು". ಪೋಲಿಷಲ್ಲಿ "ಅವನ ಹತ್ರ ಇದೆ". ಜಪಾನಿಯಲ್ಲಿ ಎರಡರ ನಡುವಿನ ಜಾಗ, ಬಿಡುವು. ಸ್ವರ ಎಷ್ಟು ಉದ್ದ ಎಳೀತಾರೆ ಅನ್ನೋದು ಒಂದೊಂದು ಕಡೆ ಒಂದೊಂದು ಥರ, ಆದ್ರೆ ನಮ್ಮ ಕಿವಿಗೆ ಎಲ್ಲಾ ಮಾ ಅಂತಲೇ ಕೇಳ್ಸುತ್ತೆ.

ಗುಬ್ಬಚ್ಚಿ: ಚೈನೀಸಲ್ಲಿ ಮಾ ಅಂದ್ರೆ ಕುದುರೆ ಅಂತಾರಲ್ಲ ಮೇಡಂ?

ಮೇಡಂ: ಸ್ವರ ಒಂದೇ ಎತ್ತರದಲ್ಲಿ ಎಳೆದ್ರೆ ಅಮ್ಮ, ಕೆಳಗಿಂದ ಮೇಲಕ್ಕೇರಿಸಿದ್ರೆ ಸೆಣಬು, ತಗ್ಗಿಸಿ ಎತ್ತಿದ್ರೆ ಕುದುರೆ, ಮೇಲಿಂದ ಧಡಕ್ಕನೆ ಇಳಿಸಿದ್ರೆ ಬೈಯೋದು. ಒತ್ತಿಲ್ಲದೆ ವಾಕ್ಯದ ಕೊನೆಗೆ ಹಾಕಿದ್ರೆ ನಮ್ಮ "ಬಂದನಾ, ಹೋದನಾ" ಅನ್ನೋದ್ರ ಕೊನೇಲಿರೋ "ಆ" ಥರ ಪ್ರಶ್ನೆ. ವಿಯೆಟ್ನಾಮೀಸಲ್ಲಿ ದನಿಯ ಏರಿಳಿತ ಆರು ಥರ, ಆರು ಅರ್ಥ. ಅದರಲ್ಲಿ ಒಂದು ದೆವ್ವ, ಒಂದು ಸಮಾಧಿ.

ಪದಬಂಧ: ಮೇಡಂ ಆದ್ರೂ ತಾಯಿ ಅನ್ನೋ ಅರ್ಥ ಜಾಸ್ತಿ ಕಡೆ ಇದೆ ಅಲ್ವಾ, ಅಂದ್ಮೇಲೆ ಒಂದು ಮೂಲ ಇರ್ಲೇಬೇಕು

ಮೇಡಂ: ಬರೀತೀನಿ, ಇರಿ. ಕೆಳಗೆ ಒಬ್ರು ಅಕ್ಕ ಬೇರೆ ಏನೋ ಕೇಳಿದಾರೆ, ಮೊದಲು ಅದು.

ದೊಡ್ಡಕ್ಕ: ಮೇಡಂ ಇದು ಮನೆ ವಿಷಯ, ಇಲ್ಲಿ ಕೇಳ್ಬಹುದೋ ಇಲ್ವೋ ಗೊತ್ತಿಲ್ಲ. ನನ್ನ ತಮ್ಮ ಜಾರ್ಜಿಯಾ ದೇಶದ ಹುಡುಗೀನ ಮದುವೆ ಆಗಿದಾನೆ, ಮಗುಗೆ ಈಗ 14 ತಿಂಗಳು. ವಿಡಿಯೋ ಕಾಲಲ್ಲಿ ಮಗು ಅವರಪ್ಪನ ಮುಖ ಹಿಡ್ಕೊಂಡು "ಮಾಮಾ ಮಾಮಾ" ಅಂತು, ಸೊಸೆ ಖುಷಿಯಿಂದ ಚಪ್ಪಾಳೆ ತಟ್ಟಿದ್ಳು. ನಮ್ಮಮ್ಮ ಫೋನ್ ಕೆಳಗಿಟ್ಟು ಅತ್ತೇಬಿಟ್ರು, ಹೆತ್ತ ಅಪ್ಪನ್ನ ಮಾವ ಅಂತ ಕರೆಯೋದು ಕಲಿಸ್ತಿದಾಳೆ ಅಂತ. ಅದರ ಮೇಲೆ ಅವಳು ಮಗೂನೇ "ದೆದಾ ದೆದಾ" ಅಂತ ಕರೀತಾಳೆ. ಅಮ್ಮನಿಗೆ ಯಾರೋ ಒಂದು ಫಾರ್ವರ್ಡ್ ಕಳ್ಸಿದಾರೆ, ಎರಡು ಭಾಷೆ ಕಿವಿಗೆ ಬಿದ್ರೆ ಮಗುಗೆ ಮಾತೇ ಬರಲ್ಲ, ನಾಲಿಗೆಗೆ ಯಾವುದೋ ಬೇರು ತಿಕ್ಕಿ ಅಂತ. ಈಗ ಅಮ್ಮ ಹಠ ಹಿಡಿದಿದಾರೆ, ಸೊಸೆ ಅವಳ ಭಾಷೆ ಬಿಡ್ಬೇಕು, ಮಗು ಹತ್ರ ಕನ್ನಡ ಇಲ್ಲಾ ಇಂಗ್ಲಿಷ್ ಮಾತ್ರ ಆಡ್ಬೇಕು ಅಂತ. ತಮ್ಮ ಮಧ್ಯೆ ಸಿಕ್ಕಾಕೊಂಡಿದಾನೆ. ಮಗು ಬೇರೆ ಮಾತು ಅಂತ ಏನೂ ಆಡ್ತಿಲ್ಲ.

ಮೇಡಂ: ಅಕ್ಕ, ಕೇಳಿದ್ದು ಒಳ್ಳೇದಾಯ್ತು. ಸ್ವಲ್ಪ ಉದ್ದ ಬರೀತೀನಿ, ನಿಮ್ಮ ಅಮ್ಮನಿಗೆ ಓದಿ ಹೇಳಿ.

ಜಾರ್ಜಿಯನ್ ಭಾಷೆಯಲ್ಲಿ "ಮಾಮಾ" ಅಂದ್ರೆ ಅಪ್ಪ. "ದೆದಾ" ಅಂದ್ರೆ ಅಮ್ಮ. ಮಗು ಅವರಪ್ಪನ್ನ ಅಪ್ಪಾ ಅಂತಲೇ ಕರೆದಿದೆ, ಸೊಸೆ ಚಪ್ಪಾಳೆ ತಟ್ಟಿದ್ದು ಅದಕ್ಕೆ. ಇನ್ನು ಮಗೂನೇ ದೆದಾ ಅಂತ ಕರೆಯೋದು. ಆ ಭಾಷೇಲಿ ತಾಯಿ ತನ್ನನ್ನ ಮಗು ಏನಂತ ಕರೆಯುತ್ತೋ ಅದೇ ಪದದಲ್ಲಿ ಮಗೂನ ಮುದ್ದಾಗಿ ಕರೀತಾಳೆ, ಅಪ್ಪ ಆದ್ರೆ ಮಾಮಾ ಅಂತಾನೆ. ವಿಚಿತ್ರ ಅನ್ಸುತ್ತಾ? ನಿಮ್ಮಮ್ಮ ಮೊಮ್ಮಗನಿಗೆ "ಬಾರಪ್ಪಾ", ಮೊಮ್ಮಗಳಿಗೆ "ಕೂತ್ಕೊಳಮ್ಮಾ" ಅಂತಾರೋ ಇಲ್ವೋ ಕೇಳಿ. ನಾವು ಎರಡು ವರ್ಷದ ಕೂಸನ್ನ ಅಪ್ಪ ಅಂತ ಕರೀತೀವಿ, ಅವರು ಅಮ್ಮ ಅಂತ ಕರೀತಾರೆ.

ಈಗ ಮಾಮಾ ಯಾಕೆ ಇಷ್ಟೊಂದು ಕಡೆ ಇದೆ ಅನ್ನೋದು. ಪದಬಂಧ ಅವರೂ ಓದಿ. ಮರ್ಡಾಕ್ ಅನ್ನೋ ಮಾನವಶಾಸ್ತ್ರಜ್ಞರು ಬೇರೆ ಬೇರೆ ಭಾಷೆಗಳಿಂದ ಅಪ್ಪ ಅಮ್ಮ ಅನ್ನೋ ಅರ್ಥದ 1072 ಪದ ಸೇರಿಸಿದ್ರು. ರೋಮನ್ ಯಾಕಬ್ಸನ್ ಅನ್ನೋ ಭಾಷಾವಿಜ್ಞಾನಿ ಅದನ್ನ ಇಟ್ಕೊಂಡು 1960ರಲ್ಲಿ ಅಚ್ಚಾದ ಲೇಖನದಲ್ಲಿ ಕಾರಣ ಹೇಳಿದ್ರು. ತಾಯಿ ಅನ್ನೋ ಪದಗಳಲ್ಲಿ ನೂರಕ್ಕೆ 55ರಲ್ಲಿ ಮ, ನ ಥರದ ಮೂಗಿನ ಅಕ್ಷರ, ತಂದೆ ಪದಗಳಲ್ಲಿ ಬರೀ 15ರಲ್ಲಿ. ಕಾರಣ ಇಷ್ಟೇ. ಹಾಲು ಕುಡಿಯೋ ಕೂಸಿನ ಬಾಯಿ ಮುಚ್ಚಿರುತ್ತೆ, ದನಿ ಬರೋದು ಮೂಗಲ್ಲಿ, ಅದು "ಮ್‌ಮ್" ಅಂತಲೇ ಬರ್ಬೇಕು. ಆಮೇಲೆ ಹಸಿವಾದಾಗಲೂ ಅದೇ ದನಿ, ಬೇಕು ಅಂದಾಗಲೂ ಅದೇ. ತುಟಿ ತೆರೆದ ತಕ್ಷಣ "ಮಾ" ಆಗುತ್ತೆ. ಅಂದ್ರೆ ಕೂಸು ಯಾರನ್ನೂ ಕರೀತಿಲ್ಲ, ದನಿ ಮಾಡ್ತಿದೆ ಅಷ್ಟೇ. ಪಕ್ಕದಲ್ಲಿರೋ ದೊಡ್ಡವರು "ಓ ನನ್ನೇ ಕರೀತು" ಅಂತ ತಗೊಳ್ತಾರೆ. ಹೆಚ್ಚಿನ ಕಡೆ ತಗೊಂಡವಳು ಅಮ್ಮ. ಜಾರ್ಜಿಯನ್ನಲ್ಲಿ ಅಪ್ಪ. ನಮ್ಮಲ್ಲಿ ಅಮ್ಮನ ತಮ್ಮನೂ ಒಂದು ಪಾಲು ತಗೊಂಡ, ಮಾಮ ಅಂತ. ಹೀಗೆ ಭಾಷೆ ಭಾಷೆಯಲ್ಲೂ ಬೇರೆಬೇರೆಯಾಗಿ ಹುಟ್ಟಿದ ಪದ ಇದು, ಒಂದು ಕಡೆ ಹುಟ್ಟಿ ಎಲ್ಲಾ ಕಡೆ ಹೋಗಿದ್ದಲ್ಲ. ಜಪಾನಿಯಲ್ಲಿ ಈಗ ತಾಯಿಗೆ "ಹಹ" ಅಂತಾರೆ, ಅವರ ಹ ಹಿಂದೆ ಪ ಆಗಿತ್ತು, ಅಂದ್ರೆ ಆ ಕಾಲದ ಮಕ್ಕಳು ತಾಯಿಗೆ ಹೇಳ್ತಿದ್ದಿದ್ದು "ಪಪ". ಹಳಗನ್ನಡದ ಪಾಲು ನಮ್ಮಲ್ಲಿ ಹಾಲು ಆಯ್ತಲ್ಲ, ಅದೇ ದಾರಿ.

ಇನ್ನು ಸೊಸೆ ಭಾಷೆ ಬಿಡೋದು. ದಯವಿಟ್ಟು ಬಿಡ್ಸಬೇಡಿ ಅಕ್ಕ. ಎರಡು ಭಾಷೆ ಕೇಳೋದ್ರಿಂದ ಮಾತಿನ ತೊಂದರೆ ಹುಟ್ಟಲ್ಲ. 1984ರಲ್ಲಿ ಜಾನೆಟ್ ವರ್ಕರ್, ರಿಚರ್ಡ್ ಟೀಸ್ ಅನ್ನೋರು ಒಂದು ಪ್ರಯೋಗ ಪ್ರಕಟಿಸಿದ್ರು. ಬರೀ ಇಂಗ್ಲಿಷ್ ಕೇಳಿ ಬೆಳೀತಿರೋ 6-8 ತಿಂಗಳ ಕೂಸುಗಳು ಹಿಂದಿಯ ತ ಮತ್ತು ಟ ಬೇರೆ ಬೇರೆ ಅಂತ ಗುರುತು ಹಿಡಿದ್ವು, 10-12 ತಿಂಗಳಿಗೆ ಹೆಚ್ಚಿನ ಕೂಸುಗಳಿಗೆ ಆ ಶಕ್ತಿ ಹೋಗಿತ್ತು. ಕೇಳದೇ ಇರೋ ಅಕ್ಷರವನ್ನ ಕಿವಿ ಬಿಟ್ಕೊಡುತ್ತೆ. ನಿಮ್ಮ ಮನೆ ಮಗು ಎರಡು ಭಾಷೆಯ ಅಕ್ಷರಗಳನ್ನೂ ಉಳಿಸ್ಕೊಳ್ತಾ ಇದೆ. ತಾಯಿ ಬಾಯಿಂದ ಅವಳ ಭಾಷೆ ಕಿತ್ಕೊಂಡ್ರೆ ಮಗುಗೆ ಸಿಗೋ ಮಾತೇ ಅರ್ಧ ಆಗುತ್ತೆ.

ಆದ್ರೆ ನೀವು ಕೊನೆಗೆ ಒಂದು ಸಾಲು ಬರೆದಿರಿ, ಬೇರೆ ಮಾತು ಇಲ್ಲ ಅಂತ. 14 ತಿಂಗಳಿಗೆ ಅದೊಂದೇ ಇದ್ರೆ ಗಾಬರಿ ಬೇಡ. ಆದ್ರೆ ಹಿಂದಿಂದ ಹೆಸರು ಕರೆದ್ರೆ ತಿರುಗುತ್ತಾ? ಬೆರಳು ತೋರ್ಸುತ್ತಾ?

ಪದಬಂಧ: ಯಾಕಬ್ಸನ್ ಹೇಳಿದ್ದೆಲ್ಲ ಸರಿ ಇರ್ಬಹುದು ಮೇಡಂ, ಕನ್ನಡದ ಅಮ್ಮ ಮಾತ್ರ ಸಂಸ್ಕೃತದ ಅಂಬಾ ಇಂದಲೇ ಬಂದಿದ್ದು, ಎಲ್ರಿಗೂ ಗೊತ್ತಿರೋದು

ನೇಗಿಲು: ಯಾರಿಗೆ ಗೊತ್ತು ಸ್ವಾಮಿ? ಅಮ್ಮ ಅಚ್ಚ ದ್ರಾವಿಡ ಪದ, ತಮಿಳು ತೆಲುಗು ತುಳು ಎಲ್ಲದರಲ್ಲೂ ಇದೆ. ಸಂಸ್ಕೃತದವರೇ ನಮ್ಮಿಂದ ತಗೊಂಡು ಅಂಬಾ ಮಾಡ್ಕೊಂಡಿದ್ದು

ಪದಬಂಧ: ಪುರಾವೆ ಕೊಡಿ ಸ್ವಾಮಿ

ನೇಗಿಲು: ನೀವು ಮೊದಲು ಕೊಡಿ. ಹೇಳಿದ್ದು ನೀವು ಮೊದಲು

ಗುಬ್ಬಚ್ಚಿ: ಮೇಡಂ ಸುಮೇರಿಯನ್ನಲ್ಲಿ ಮಾ ಅಂದ್ರೆ ದೋಣಿ ಅಂತೆ, ಹೌದಾ?

ದೊಡ್ಡಕ್ಕ: ಮೇಡಂ ಓದ್ತಾ ಇದೀನಿ, ಕಣ್ಣಲ್ಲಿ ನೀರು ಬಂತು. ಅಮ್ಮನಿಗೂ ಓದಿ ಹೇಳ್ದೆ, ಬಾರಪ್ಪಾ ಅನ್ನೋ ಕಡೆ ಸುಮ್ಮನಾದ್ರು. ತಿರುಗೋದು ಅಂದ್ರೆ ಮುಂದೆ ನಿಂತು ಕರೆದ್ರೆ ನಗುತ್ತೆ, ಹಿಂದಿಂದ ಕರೆದ್ರೆ ಒಂದೊಂದ್ಸಲ ತಿರುಗಲ್ಲ ಅಂತ ತಮ್ಮ ಹೇಳ್ತಿದ್ದ. ಆಟದಲ್ಲಿ ಮುಳುಗಿರುತ್ತೆ ಅಂದ್ಕೊಂಡಿದ್ವಿ.

ಮೇಡಂ: ಅಕ್ಕ, ಅದು ಆಟನೂ ಇರ್ಬಹುದು, ಕಿವೀನೂ ಇರ್ಬಹುದು. ನಾನು ಡಾಕ್ಟರ್ ಅಲ್ಲ, ಇಲ್ಲಿ ಕೂತು ಹೇಳೋಕೆ ಆಗಲ್ಲ. ತಮ್ಮನಿಗೆ ಇವತ್ತೇ ಹೇಳಿ, ಮಗುಗೆ ಕಿವಿ ಪರೀಕ್ಷೆ ಮಾಡ್ಸಲಿ. ಹುಟ್ಟಿದಾಗ ಮಾಡಿಸಿದ್ರೂ ಮತ್ತೆ ಮಾಡ್ಸಲಿ, ನೆಗಡಿ ಆಗಿ ಕಿವಿ ಒಳಗೆ ನೀರು ನಿಂತ್ರೂ ಹೀಗಾಗುತ್ತೆ. ನಾಲಿಗೆಗೆ ಬೇರು ಗೀರು ಏನೂ ತಿಕ್ಬೇಡಿ. ಮಾತಿನ ದಾರಿ ಕಿವಿಯಿಂದ ಶುರು, ನಾಲಿಗೆಯಿಂದ ಅಲ್ಲ. ಆ ಫಾರ್ವರ್ಡ್ ನಂಬಿ ಪರೀಕ್ಷೆ ಆರು ತಿಂಗಳು ಮುಂದೆ ಹೋದ್ರೆ ಆ ಆರು ತಿಂಗಳು ವಾಪಸ್ ಬರಲ್ಲ.

ನೇಗಿಲು: ಮೇಡಂ ಅಮ್ಮ ವಿಷಯ ನೀವೇ ತೀರ್ಪು ಕೊಡಿ

ಮೇಡಂ: ಇಬ್ಬರದ್ದೂ ನಿಲ್ಲಲ್ಲ. ಐಸ್‌ಲ್ಯಾಂಡಿಕ್ಕಲ್ಲಿ "ಅಮ್ಮಾ" ಅಂದ್ರೆ ಅಜ್ಜಿ. ಸ್ಪೇನ್-ಫ್ರಾನ್ಸ್ ಗಡಿಯ ಬಾಸ್ಕ್ ಭಾಷೇಲಿ "ಅಮಾ" ತಾಯಿ, ಆ ಭಾಷೆಗೆ ಅಕ್ಕಪಕ್ಕದ ಯಾವ ಭಾಷೆ ಜೊತೆಗೂ ನಂಟು ತೋರಿಸೋಕೆ ಆಗಿಲ್ಲ. ಇವರೆಲ್ಲ ನಮ್ಮಿಂದ ತಗೊಂಡ್ರಾ? ಕೂಸಿನ ಬಾಯಿಂದ ಬರೋ ಪದ ಇಟ್ಕೊಂಡು ಯಾರು ಯಾರಿಂದ ತಗೊಂಡ್ರು ಅಂತ ಸಾಧಿಸೋಕೆ ಆಗಲ್ಲ.

ಪದಬಂಧ: ಅಂದ್ರೆ ಸಂಸ್ಕೃತದ ಮಾತೃ ಇಂಗ್ಲಿಷಿನ ಮದರ್ ಕೂಡ ಸಂಬಂಧ ಇಲ್ಲ ಅಂತೀರಾ, ಏನ್ ಮೇಡಂ ಇದು

ಮೇಡಂ: ಅದು ಇದೆ. ನಾನು ಇಲ್ಲ ಅಂದಿಲ್ಲ. ಅಲ್ಲಿ ಸಾಕ್ಷಿ ಮಾ ಅಲ್ಲ, ಹಿಂದೆ ಬರೋ ಬಾಲ. ಮಾತೃ, ಪಿತೃ, ಭ್ರಾತೃ, ಮದರ್, ಫಾದರ್, ಬ್ರದರ್. ಸಾಲುಸಾಲಾಗಿ ಒಂದೇ ಅಚ್ಚಿನಲ್ಲಿ ಹೊಂದುತ್ತೆ. ಒಂದು ಪದ ಹೊಂದಿದ್ರೆ ಸಾಲದು, ಸಾಲು ಹೊಂದ್ಬೇಕು.

ಇರುಳುಗಣ್ಣು: ಸಂಸ್ಕೃತದಲ್ಲಿ ಮಾ ಅಂದ್ರೆ ಬೇಡ ಅಂತಲೂ ಇದೆ, "ಮಾ ನಿಷಾದ" ಇದ್ಯಲ್ಲ. ಅರೇಬಿಕ್ಕಲ್ಲೂ ಮಾ ಹಾಕಿದ್ರೆ ಇಲ್ಲ ಅಂತ ಅರ್ಥ. ಇದೂ ಕಾಕತಾಳೀಯನಾ ಮೇಡಂ?

ಮೇಡಂ: ಹೌದು. ಸಂಸ್ಕೃತದ ಆ ಮಾ ಗ್ರೀಕಿನ ಮೇ, ಅರ್ಮೇನಿಯನ್ನಿನ ಮಿ ಜೊತೆ ಒಂದೇ ಬುಡ. ಅರೇಬಿಕ್ಕಿಂದು "ಏನು" ಅನ್ನೋ ಮಾ ಇಂದಲೇ ಬೆಳೆದಿದ್ದು. "ಅವನಿಗೇನು ಗೊತ್ತು" ಅಂತ ನಾವು ಜಗಳದಲ್ಲಿ ಅಂದ್ರೆ ಗೊತ್ತಿಲ್ಲ ಅಂತ ತಾನೇ ಅರ್ಥ, ಹಾಗೆ. ಕೊನೆಗೆ ಒಂದೇ ಕಡೆ ಬಂದು ನಿಂತಿವೆ, ಹೊರಟಿದ್ದು ಬೇರೆ ಬೇರೆ ಕಡೆಯಿಂದ. ಆಸ್ಟ್ರೇಲಿಯಾದ ಮ್ಬಾಬರಮ್ ಅನ್ನೋ ಮೂಲನಿವಾಸಿಗಳ ಭಾಷೇಲಿ ನಾಯಿಗೆ "ಡಾಗ್" ಅಂತಲೇ ಅಂತಿದ್ರು, ಅಲ್ಲಿ ಕೆಲಸ ಮಾಡಿದ ಡಿಕ್ಸನ್ ಅನ್ನೋ ವಿದ್ವಾಂಸರಿಗೆ ಮೊದಲು ಇಂಗ್ಲಿಷ್ ಪದ ಹೇಳ್ತಿದಾರೆ ಅನ್ಸಿತ್ತು. ಆಮೇಲೆ ನೋಡಿದ್ರೆ ನೆರೆಯ ಭಾಷೆಯಲ್ಲಿ ಇನ್ನೂ ಉಳಿದಿದ್ದ "ಗುಡಗ" ಅನ್ನೋ ಹಳೇ ಪದದ ತಲೆ ಬಾಲ ಸವೆದು ಉಳಿದಿದ್ದು ಅದು.

ಸಂಜೆಮಲ್ಲಿಗೆ: ಇಟಾಲಿಯನ್ ಮಾ ಎಲ್ಲಿಂದ ಬಂತು ಮೇಡಂ? ಆದರೆ ಅನ್ನೋದಕ್ಕೆ ಇಷ್ಟು ಚಿಕ್ಕ ಪದ ಹೇಗೆ ಆಯ್ತು?

ಮೇಡಂ: ಇದು ನನಗೆ ತುಂಬಾ ಇಷ್ಟದ ಪದ. ಲ್ಯಾಟಿನ್ನಲ್ಲಿ "ಮಾಗಿಸ್" ಅಂದ್ರೆ ಹೆಚ್ಚು. "ಅದಕ್ಕಿಂತ ಹೆಚ್ಚಾಗಿ ಇದು" ಅಂತ ಹೇಳ್ತಾ ಹೇಳ್ತಾ "ಅದಲ್ಲ, ಆದರೆ ಇದು" ಅನ್ನೋ ಅರ್ಥಕ್ಕೆ ತಿರುಗ್ತು. ಸವೆದು ಇಟಾಲಿಯನ್ನಲ್ಲಿ ಮಾ, ಫ್ರೆಂಚಲ್ಲಿ ಮೆ. ಸ್ಪ್ಯಾನಿಷಲ್ಲಿ ಎರಡು ಅರ್ಥನೂ ಇವತ್ತಿಗೂ ಪಕ್ಕಪಕ್ಕ ಉಳಿದಿವೆ, "ಮಾಸ್" ಬರೆದು ಮೇಲೊಂದು ಗೀಟು ಹಾಕಿದ್ರೆ ಹೆಚ್ಚು, ಗೀಟು ಇಲ್ಲದಿದ್ರೆ ಆದರೆ. ಈ ಮಾಗಿಸ್ ಮತ್ತೆ ದೊಡ್ಡದು ಅನ್ನೋ ಮ್ಯಾಗ್ನುಸ್ ಒಂದೇ ಬುಡದ್ದು, ಮ್ಯಾಗ್ನುಸ್ಸಿನ ದಾಯಾದಿ ಸಂಸ್ಕೃತದ ಮಹಾ. ಲ್ಯಾಟಿನ್ನಿನ ಗ ಇರೋ ಕಡೆ ಸಂಸ್ಕೃತದಲ್ಲಿ ಹ ಹೇಗೆ ಅಂತೀರಾ, ಅಲ್ಲಿ "ಎಗೊ" ಅಂದ್ರೆ ನಾನು, ಇಲ್ಲಿ "ಅಹಂ". ಅದೇ ಗ, ಅದೇ ಹ. ಈಗ ಕನ್ನಡಕ್ಕೆ ಬನ್ನಿ. ಮಹಾನವಮಿ ನಮ್ಮಲ್ಲಿ ಮಾನವಮಿ ಆಯ್ತು, ಮಹಾಸತಿ ಮಾಸತಿ ಆಗಿ ಮಾಸ್ತಿ ಆಯ್ತು. ಅಂದ್ರೆ ಮಾಸ್ತಿಕಲ್ಲಿನ ಮಾ, ಇಟಲಿಯವರು ಮಾತಿನ ನಡುವೆ ಕೈ ಎತ್ತಿ ಹೇಳೋ ಮಾ, ಎರಡೂ ಸಾವಿರಾರು ವರ್ಷ ಸವೆದು ಒಂದೇ ಅಕ್ಷರಕ್ಕೆ ಇಳಿದಿರೋ ನೆಂಟರು. ಕೇಳೋಕೆ ಒಂದೇ ಥರ ಇರೋದು ಮಾತ್ರ ಅಕಸ್ಮಾತ್. ನಂಟು ಇರೋದು ಹಳೇ ರೂಪದಲ್ಲಿ.

ನೇಗಿಲು: ನೋಡಿ ಮತ್ತೆ ಸಂಸ್ಕೃತಕ್ಕೇ ಬಂದ್ರು. ಮಾಮರದ ಮಾ ನಮ್ಮದು ಅಂತ ಒಂದು ಸಾಲು ಬರೀಬಾರ್ದಾ

ಮೇಡಂ: ಮಾಮರದ ಮಾ ದ್ರಾವಿಡ. ಯಾರೂ ಕೇಳಿರ್ಲಿಲ್ಲ, ಅದಕ್ಕೆ ಬರೀಲಿಲ್ಲ.

ಪದಬಂಧ: ಆಮ್ರ ಇಂದ ಬಂದಿದ್ದಲ್ವಾ

ನೇಗಿಲು: ಅಯ್ಯೋ ದೇವರೇ

ಹೊಸಸದಸ್ಯ: ಎಲ್ರಿಗೂ ನಮಸ್ತೆ, ಈಗಷ್ಟೇ ಸೇರಿದೆ. ಮಾ ಅಂದ್ರೆ ಎಲ್ಲಾ ಭಾಷೆಲೂ ತಾಯಿ ಅಂತೆ, ನಿಜನಾ ಮೇಡಂ?

ಮೇಡಂ: ಮೇಲೆ ಇದೆ. ಓದಿ.

ತಿಳಿಮೋಡ: ಮಾ ಇಂದ ಶುರುವಾಗೋ ಹೆಣ್ಣುಮಗು ಹೆಸರು ಹೇಳಿ ಮೇಡಂ, ಅರ್ಥ ಚೆನ್ನಾಗಿರ್ಬೇಕು

ಪದಬಂಧ: ನೇಗಿಲು ಅವರೇ ನಿಮಗೆ ಸಂಸ್ಕೃತ ಅಂದ್ರೆ ಯಾಕೆ ಇಷ್ಟು ಉರಿ?

ನೇಗಿಲು: ನಿಮಗೆ ಕನ್ನಡಕ್ಕೆ ಸ್ವಂತದ್ದು ಏನಾದ್ರೂ ಇದೆ ಅಂದ್ರೆ ಯಾಕೆ ಹೊಟ್ಟೆ ಉರಿಯುತ್ತೆ ಅದನ್ನ ಹೇಳಿ

ಅಡ್ಮಿನ್: ಇಬ್ರೂ ನಿಲ್ಸಿ. ಇನ್ನೊಂದು ಮೆಸೇಜ್ ಬಂದ್ರೆ ತೆಗೀತೀನಿ.

ಹಳೇಪುಸ್ತಕ: ಮೇಡಂ, ಮಾತೃ ಅಂದ್ರೆ ಅಳೆಯುವವಳು, ಮಾ ಧಾತು ಅಂದ್ರೆ ಅಳತೆ ಅಂತ ಒಂದು ಫಾರ್ವರ್ಡ್ ಬಂದಿದೆ, ಹಾಕ್ಲಾ?

ಮೇಡಂ: ಹಾಕ್ಬೇಡಿ. ಅಳತೆಯ ಮಾ ಇದೆ, ಮಾನ, ಮಾತ್ರೆ, ಪ್ರಮಾಣ, ನಿರ್ಮಾಣ ಎಲ್ಲಾ ಅದರಿಂದ. ಅಮ್ಮನಿಗೂ ಅದಕ್ಕೂ ಗಂಟು ಹಾಕಿದ್ದು ಆಮೇಲೆ. ಸಂಜೆಯಿಂದ ಫಾರ್ವರ್ಡ್ ಬೇಡ ಅಂತ ಅಡ್ಮಿನ್ ಹೇಳ್ತಾನೇ ಇದಾರೆ, ಒಬ್ರ ಮನೇಲಿ ಒಂದು ಕೂಸಿನ ವಿಷಯ ಅಂಥದ್ದೇ ಒಂದರಿಂದ ಕೆಡೋದ್ರಲ್ಲಿತ್ತು. ನಾನು ಇನ್ನು ಅಕ್ಕನಿಗೆ ಮಾತ್ರ ಉತ್ತರ ಕೊಡ್ತೀನಿ.

ಹಳೇಪುಸ್ತಕ: ಕೇಳಿದ್ದಕ್ಕೆ ಇಷ್ಟು ಸಿಟ್ಟಾ. ಆಯ್ತು ಬಿಡಿ.

ದೊಡ್ಡಕ್ಕ: ಮೇಡಂ ತಮ್ಮನ ಹತ್ರ ಈಗಷ್ಟೇ ಮಾತಾಡ್ದೆ. ಗುರುವಾರಕ್ಕೆ ಕಿವಿ ಪರೀಕ್ಷೆಗೆ ಹೆಸರು ಬರೆಸಿದಾನೆ. ಅಮ್ಮ ಫೋನ್ ಇಸ್ಕೊಂಡು ಸೊಸೆ ಹತ್ರ "ದೆದಾ" ಅಂದ್ರು, ದ ಸರಿಯಾಗಿ ಬರ್ಲಿಲ್ಲ, ಅವಳು ಎರಡು ಸಲ ಹೇಳಿಕೊಟ್ಳು.

ಮೇಡಂ: ಒಳ್ಳೇದು ಅಕ್ಕ. ಪರೀಕ್ಷೆಗೆ ಮುಂಚೆ ಮಗುಗೆ ಶೀತ ಇದ್ರೆ ಅಲ್ಲಿಯವರಿಗೆ ಮೊದಲೇ ಹೇಳ್ಲಿ. ಗುರುವಾರ ರಾತ್ರಿ ನನಗೆ ನೇರ ಬರೀರಿ, ಇಲ್ಲಿ ಬೇಡ.

ಗುಬ್ಬಚ್ಚಿ: ಮೇಡಂ ದೋಣಿ ವಿಷಯ ಕೇಳಿದ್ದೆ...