ತಪ್ಪು ಅಂತ ಗೊತ್ತಿದ್ದೂ ಪರಮಾಣುವಿನ ಆ ಚಿತ್ರ ಯಾಕೆ ಕಲಿಸುತ್ತಾರೆ?

ಎಸ್ಸೆಸ್ಸೆಲ್ಸಿ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ಹತ್ತನೇ ಕ್ಲಾಸ್. ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ. ಒಂಬತ್ತನೇ ಕ್ಲಾಸಿನಲ್ಲಿ ಪರಮಾಣುವಿನ ರಚನೆ ಅಂತ ಪಾಠ ಇತ್ತು. ಮಧ್ಯದಲ್ಲಿ ನ್ಯೂಕ್ಲಿಯಸ್, ಸುತ್ತ ಕೆ, ಎಲ್, ಎಂ, ಎನ್ ಕವಚಗಳು, ಅವುಗಳ ಮೇಲೆ ಎಲೆಕ್ಟ್ರಾನ್ ಚುಕ್ಕೆಗಳು. ಆ ಚಿತ್ರ ಬರೆದು ಬರೆದು ಕೈ ಪಳಗಿದೆ. ಈಗ ಪಿಯುಸಿ ಓದುವ ನಮ್ಮಣ್ಣ ಹೇಳುತ್ತಾನೆ, "ಅದು ತಪ್ಪು, ಎಲೆಕ್ಟ್ರಾನ್ ಹಾಗೆ ಸುತ್ತುವುದೇ ಇಲ್ಲ" ಅಂತ.

ತಪ್ಪು ಅಂತ ಗೊತ್ತಿದ್ದೂ ಯಾಕೆ ಕಲಿಸುತ್ತಾರೆ? ಪಿಯುಸಿಯಲ್ಲಿ ಹೇಳುವುದು ಮಾತ್ರ ಸರಿ ಅಂತ ಹೇಗೆ ನಂಬುವುದು? ಮುಂದೆ ಅದೂ ತಪ್ಪಾದರೆ? ವಿಜ್ಞಾನ ನಿಜ ಹೇಳುತ್ತದಾ, ಇಲ್ಲ ಉಪಯೋಗಕ್ಕೆ ಬರುವ ಕಥೆ ಹೇಳುತ್ತದಾ?

ಸರ್ವೆ ಕೆಲಸದವನು:
ತಂಗಿ, ನನ್ನ ಕೆಲಸದಿಂದಲೇ ಹೇಳುತ್ತೇನೆ. ನಾವು ಸೈಟ್ ಅಳೆಯುವಾಗ ನೆಲ ಚಪ್ಪಟೆ ಅಂತಲೇ ಲೆಕ್ಕ ಹಾಕುತ್ತೇವೆ. ಭೂಮಿ ಗುಂಡಗಿದೆ ಅಂತ ನಮಗೆ ಗೊತ್ತಿಲ್ಲವಾ? ಗೊತ್ತು. ಆದರೆ 100 ಮೀಟರಿನಲ್ಲಿ ಆ ಬಾಗು ಒಂದು ಮಿಲಿಮೀಟರ್ ಕೂಡ ಆಗುವುದಿಲ್ಲ. ಒಂದು ಕಿಲೋಮೀಟರಿಗೆ ಸುಮಾರು 8 ಸೆಂಟಿಮೀಟರ್. 10 ಕಿಲೋಮೀಟರಿಗೆ ಹತ್ತಿರ ಹತ್ತಿರ 8 ಮೀಟರ್. ಕಾಲುವೆ ಕೆಲಸದಲ್ಲಿ ಅದನ್ನು ಬಿಟ್ಟರೆ ನೀರು ಹರಿಯುವುದೇ ಇಲ್ಲ. ಅಂದರೆ ಚಪ್ಪಟೆ ಅನ್ನುವ ಲೆಕ್ಕ ಎಲ್ಲಿವರೆಗೆ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಅಂತ ನಮಗೆ ಗೊತ್ತಿರುತ್ತದೆ. ನಿನ್ನ ಪಾಠದ ಚಿತ್ರವೂ ಹಾಗೆ ಅಂದುಕೋ.

ನೇರಮಾತು:
ಸುಮ್ನೆ ಸಮಾಧಾನ ಹೇಳುವುದು ಬೇಡ ಸರ್. ಒಂದು ಸಿದ್ಧಾಂತಕ್ಕೆ ಒಂದೇ ಒಂದು ವಿರುದ್ಧ ಸಾಕ್ಷಿ ಸಿಕ್ಕರೂ ಅದು ಮುಗಿಯಿತು. ವಿಜ್ಞಾನ ಅಂದರೆ ಅದೇ ಅಲ್ವಾ? ಕಕ್ಷೆಗಳ ಆ ಚಿತ್ರ ವಿಜ್ಞಾನಿ ಬೋರ್ ಹೇಳಿದ್ದು 1913ರಲ್ಲಿ. 1926ರಲ್ಲಿ ಅದರ ಜಾಗಕ್ಕೆ ಶ್ರೋಡಿಂಗರ್ ಸಮೀಕರಣ ಬಂತು. ನೂರು ವರ್ಷ ಆದರೂ ಮಕ್ಕಳಿಗೆ ಹಳೆಯದನ್ನೇ ಬಾಯಿಪಾಠ ಮಾಡಿಸುವುದು ಅನ್ಯಾಯ. ಹುಡುಗಿ ಕೇಳಿದ್ದರಲ್ಲಿ ನ್ಯಾಯ ಇದೆ.

ಫಿಸಿಕ್ಸ್ ಮೇಷ್ಟ್ರು:
ಕೇಳಿದ್ದರಲ್ಲಿ ನ್ಯಾಯ ಇದೆ, ಒಪ್ಪಿದೆ. ಆದರೆ ಬೋರ್ ಚಿತ್ರ ಯಾವ ಕಷ್ಟಕ್ಕೆ ಉತ್ತರವಾಗಿ ಬಂತು ಅಂತ ಯಾರೂ ಹೇಳದೆ ಬರೀ ಚಿತ್ರ ಬರೆಸಿದರೆ ಹೀಗೇ ಆಗುವುದು. ಪುಟ್ಟಿ, ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಗೈಗರ್ ಮತ್ತು ಮಾರ್ಸ್ಡೆನ್ ತೆಳ್ಳನೆಯ ಲೋಹದ ಹಾಳೆಗೆ ಧನ ವಿದ್ಯುತ್ ಇರುವ ಆಲ್ಫಾ ಕಣಗಳನ್ನು ಬಿಟ್ಟು ನೋಡಿದರು. ಹೆಚ್ಚಿನವು ಆಚೆ ಹೋದವು. ಸಾವಿರಾರು ಕಣಗಳಲ್ಲಿ ಒಂದು ಮಾತ್ರ ಬಂದ ದಿಕ್ಕಿಗೇ ತಿರುಗಿ ಬಂತು. ಹಾಗಾದರೆ ಒಳಗೆ ಎಲ್ಲೋ ತುಂಬ ಚಿಕ್ಕದಾದ, ಭಾರವಾದ ಒಂದು ವಸ್ತು ಇರಲೇಬೇಕು. 1911ರಲ್ಲಿ ರುದರ್‌ಫೋರ್ಡ್ ನ್ಯೂಕ್ಲಿಯಸ್ ಇದೆ ಅಂದದ್ದು ಇದರಿಂದ. ಆದರೆ ತಕ್ಷಣ ಒಂದು ತೊಂದರೆ. ಸುತ್ತುತ್ತಿರುವ ವಿದ್ಯುತ್ ಕಣ ಬೆಳಕಾಗಿ ಶಕ್ತಿ ಕಳೆದುಕೊಳ್ಳುತ್ತಲೇ ಇರಬೇಕು ಅಂತ ಆಗಿನ ನಿಯಮ ಹೇಳುತ್ತಿತ್ತು. ಲೆಕ್ಕ ಹಾಕಿದರೆ, ಒಂದು ಸೆಕೆಂಡನ್ನು 10,000 ಕೋಟಿ ಭಾಗ ಮಾಡಿ ಅದರಲ್ಲಿ ಒಂದೆರಡು ಭಾಗದೊಳಗೆ ಎಲೆಕ್ಟ್ರಾನ್ ನ್ಯೂಕ್ಲಿಯಸ್ಸಿಗೆ ಬಿದ್ದುಬಿಡಬೇಕು. ಆ ಲೆಕ್ಕದಂತೆ ನಾವು ಯಾರೂ ಇರಲೇಬಾರದು!

ಬೋರ್ ಮಾಡಿದ್ದು ಧೈರ್ಯದ ಕೆಲಸ. ಕೆಲವು ಕಕ್ಷೆಗಳಲ್ಲಿ ಮಾತ್ರ ಎಲೆಕ್ಟ್ರಾನ್ ಇರಬಹುದು, ಅಲ್ಲಿದ್ದಾಗ ಶಕ್ತಿ ಕಳೆದುಕೊಳ್ಳುವುದಿಲ್ಲ ಅಂತ ಷರತ್ತು ಹಾಕಿದರು. ಯಾಕೆ ಅಂತ ಅವರ ಹತ್ತಿರವೂ ಉತ್ತರ ಇರಲಿಲ್ಲ. ಆದರೆ ಎಲೆಕ್ಟ್ರಾನ್ ಮೇಲಿನ ಕಕ್ಷೆಯಿಂದ ಕೆಳಗಿನದಕ್ಕೆ ಜಿಗಿದಾಗ ಬೆಳಕು ಬರುತ್ತದೆ ಅಂತ ಲೆಕ್ಕ ಹಾಕಿದರೆ, ಆ ಷರತ್ತಿನಿಂದ ಹೈಡ್ರೋಜನ್ ಬೆಳಕಿನ ಬಿಡಿಬಿಡಿ ಬಣ್ಣದ ಗೆರೆಗಳು ಸರಿಯಾಗಿ ಬಂದವು. 656 ನ್ಯಾನೊಮೀಟರ್ ತರಂಗದೂರದ ಕೆಂಪು, 486ರ ನೀಲಿ-ಹಸಿರು, ಎಲ್ಲ. ಹೈಡ್ರೋಜನ್ನಿನಿಂದ ಎಲೆಕ್ಟ್ರಾನ್ ಕಿತ್ತು ಹೊರಗೆ ಹಾಕಲು 13.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು ಅನ್ನುವುದೂ ಸರಿಯಾಗಿ ಬಂತು. ಎರಡೇ ಎಲೆಕ್ಟ್ರಾನ್ ಇರುವ ಹೀಲಿಯಂಗೆ ಬಂದಾಗ ಮಾತ್ರ ಲೆಕ್ಕ ಕೈಕೊಟ್ಟಿತು. ಮುಂದೆ ಶ್ರೋಡಿಂಗರ್ ಸಮೀಕರಣದಲ್ಲೂ ಹೈಡ್ರೋಜನ್ನಿಗೆ ಅದೇ 13.6 ಬರುತ್ತದೆ.

ತರ್ಕಪ್ರಿಯ:
ಮೇಷ್ಟ್ರೇ, ನೀವು ಹೇಳಿದ್ದರಲ್ಲೇ ನನ್ನ ಆಕ್ಷೇಪ ಇದೆ. ಸರ್ವೆಯವರ ಉದಾಹರಣೆ ಚೆನ್ನಾಗಿದೆ, ಆದರೆ ಇಲ್ಲಿಗೆ ಹೊಂದುವುದಿಲ್ಲ. ದೊಡ್ಡ ಗೋಳದ ಸಣ್ಣ ತುಂಡು ನಿಜವಾಗಿಯೂ ಹತ್ತಿರ ಹತ್ತಿರ ಚಪ್ಪಟೆಯೇ. ಬೋರ್ ಕಕ್ಷೆ ಹಾಗಲ್ಲ. ಹೈಡ್ರೋಜನ್ನಿನ ಅತಿ ಕೆಳಗಿನ ಸ್ಥಿತಿಯಲ್ಲಿ ಎಲೆಕ್ಟ್ರಾನಿಗೆ ಇಂತಿಷ್ಟು ಕೋನೀಯ ಸಂವೇಗ ಇದೆ, ಅಂದರೆ ಸುತ್ತುತ್ತಿದೆ ಅಂತ ಬೋರ್ ಹೇಳಿದರು. ಈಗಿನ ಸಿದ್ಧಾಂತದಲ್ಲಿ ಅದು ಸೊನ್ನೆ. ಸುತ್ತುವುದೇ ಇಲ್ಲ! ಶಕ್ತಿಯ ಲೆಕ್ಕ ಸರಿ, ಚಿತ್ರ ಪೂರ್ತಿ ತಪ್ಪು.

ಇದರಿಂದ ಏನಾಯಿತು ನೋಡಿ. ತಪ್ಪು ಚಿತ್ರದಿಂದಲೂ ಸರಿ ಉತ್ತರ ಬರಬಹುದು. ಹಾಗಿದ್ದ ಮೇಲೆ ಇವತ್ತಿನ ಸಿದ್ಧಾಂತ ಸರಿ ಉತ್ತರ ಕೊಡುತ್ತದೆ ಅನ್ನುವ ಒಂದೇ ಕಾರಣಕ್ಕೆ ಅದರ ಚಿತ್ರವನ್ನು ನಿಜ ಅಂತ ನಂಬಬಹುದಾ? ನಾನು ನಂಬುವುದಿಲ್ಲ. ಸಿದ್ಧಾಂತ ಕಣ್ಣಿಗೆ ಕಾಣುವುದಕ್ಕೆ ಹೊಂದಬೇಕು, ಅಷ್ಟು ಸಾಕು. ಹಿಂದೆ ಏನಿದೆ ಅಂತ ಪಟ್ಟು ಹಿಡಿಯುವುದು ಬೇಡ. ಮಗು, ನೀನು ಕೊನೆಗೆ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು.

ಎಸ್ಸೆಸ್ಸೆಲ್ಸಿ ಹುಡುಗಿ:
ಸರ್, ಹಾಗಾದರೆ ಪರಮಾಣು ಇದೆ ಅನ್ನುವುದನ್ನೂ ನಂಬಬಾರದಾ? ಅದೂ ಕಣ್ಣಿಗೆ ಕಾಣುವುದಿಲ್ಲ.

ಕೆಮಿಸ್ಟ್ರಿ ಅಕ್ಕ:
ಎಷ್ಟು ಒಳ್ಳೆಯ ಪ್ರಶ್ನೆ! ಇದೇ ಜಗಳ ನೂರು ವರ್ಷದ ಹಿಂದೆ ದೊಡ್ಡ ದೊಡ್ಡವರ ನಡುವೆ ನಡೆದಿತ್ತು. ಭೌತವಿಜ್ಞಾನಿ ಅರ್ನ್ಸ್ಟ್ ಮಾಕ್ ಪರಮಾಣುವನ್ನು ನಂಬಲು ಸಿದ್ಧರಿರಲಿಲ್ಲ. ಲೆಕ್ಕಕ್ಕೆ ಅನುಕೂಲ, ಅಷ್ಟೇ ಅನ್ನುವ ಪಕ್ಷ ಅವರದು. ರಸಾಯನಶಾಸ್ತ್ರದ ದಿಗ್ಗಜ ಓಸ್ಟ್ವಾಲ್ಡ್ ಕೂಡ ಅದೇ ಕಡೆ ಇದ್ದರು.

ಆಗ 1905ರಲ್ಲಿ ಐನ್‌ಸ್ಟೈನ್ ಒಂದು ಲೆಕ್ಕ ಕೊಟ್ಟರು. ನೀರಿನಲ್ಲಿ ತೇಲುವ ಸಣ್ಣ ಪುಡಿ ಅಡ್ಡಾದಿಡ್ಡಿ ಅಲುಗುತ್ತಿರುತ್ತದಲ್ಲ, ಅದು ನೀರಿನ ಅಣುಗಳು ಡಿಕ್ಕಿ ಹೊಡೆಯುವುದರಿಂದ ಆದರೆ ಎಷ್ಟು ಹೊತ್ತಿಗೆ ಎಷ್ಟು ದೂರ ಸರಿಯಬೇಕು ಅಂತ. ಫ್ರಾನ್ಸಿನ ಪೆರಿನ್ ಮೈಕ್ರೋಸ್ಕೋಪ್ ಇಟ್ಟುಕೊಂಡು ಅಳೆದರು, ಹೊಂದಿತು. ಅದರಿಂದ ಒಂದು ಮೋಲ್‌ನಲ್ಲಿ (ನೀರಾದರೆ ಸುಮಾರು 18 ಗ್ರಾಂ) ಎಷ್ಟು ಅಣು ಅಂತ ಲೆಕ್ಕ ಸಿಕ್ಕಿತು. 6ರ ಮುಂದೆ 23 ಸೊನ್ನೆ, ಅದರ ಆಸುಪಾಸು. ಆಮೇಲೆ ಆಕಾಶ ನೀಲಿ ಕಾಣುವುದರಿಂದ, ವಿಕಿರಣಶೀಲತೆಯಿಂದ, ವಿದ್ಯುತ್ತಿನಿಂದ, ಹೀಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ದಾರಿಗಳಲ್ಲಿ ಹೋದರೂ ಅದೇ ಸಂಖ್ಯೆಯ ಹತ್ತಿರಕ್ಕೇ ಬಂದರು. ಓಸ್ಟ್ವಾಲ್ಡ್ ಆಗ ಪರಮಾಣುವನ್ನು ಒಪ್ಪಿಕೊಂಡರು. ಪೆರಿನ್‌ಗೆ 1926ರಲ್ಲಿ ನೊಬೆಲ್ ಬಂತು.

ತರ್ಕಪ್ರಿಯ ಸರ್, ಒಂದು ದಾರಿಯಲ್ಲಿ ಸರಿ ಉತ್ತರ ಬಂದರೆ ಅದೃಷ್ಟ ಅನ್ನಬಹುದು. ಇಷ್ಟು ದಾರಿಗಳೂ ಒಂದೇ ಕಡೆ ಬಂದು ಸೇರಿದರೆ ಪರಮಾಣು ಇಲ್ಲ ಅನ್ನುವುದು ನನಗಂತೂ ಆಗುವುದಿಲ್ಲ.

ತರ್ಕಪ್ರಿಯ:
ಇದು ಗಟ್ಟಿಯಾದ ವಾದ. ಪರಮಾಣು ಇದೆ ಅನ್ನುವವರೆಗೆ ನಿಮ್ಮ ಜೊತೆ ಬರುತ್ತೇನೆ. ಎಲೆಕ್ಟ್ರಾನ್ ಒಳಗೆ ಹೇಗಿದೆ ಅನ್ನುವ ಚಿತ್ರಕ್ಕೆ ಮಾತ್ರ ಬರುವುದಿಲ್ಲ. ಎಣಿಸಬಹುದಾದದ್ದು ಬೇರೆ, ಅದರ ಸ್ವರೂಪ ಬೇರೆ.

ಹಳೇ ಮೈಸೂರು ಓದುಗ:
ನಮ್ಮಲ್ಲೂ ಈ ಚರ್ಚೆ ತುಂಬ ಹಿಂದೆಯೇ ನಡೆದಿದೆ ಅಂತ ಈ ಮಗುವಿಗೆ ಯಾರೂ ಹೇಳಲಿಲ್ಲ. ಕಣಾದ ಮುನಿಯ ದರ್ಶನ ಅನುಸರಿಸಿದ ವೈಶೇಷಿಕರು ಪರಮಾಣು ಇದೆ ಅಂತ ತರ್ಕದಿಂದಲೇ ಹೇಳಿದರು. ವಸ್ತುವನ್ನು ಒಡೆಯುತ್ತಾ ಹೋದರೆ ಕೊನೆಯೇ ಇಲ್ಲ ಅನ್ನಿ. ಆಗ ಮೇರು ಪರ್ವತದಲ್ಲೂ ಕೊನೆಯಿಲ್ಲದಷ್ಟು ಭಾಗ, ಸಾಸಿವೆ ಕಾಳಿನಲ್ಲೂ ಕೊನೆಯಿಲ್ಲದಷ್ಟು ಭಾಗ. ಎರಡೂ ಒಂದೇ ಗಾತ್ರ ಆಗಬೇಕಲ್ಲವೇ? ಆಗುವುದಿಲ್ಲ. ಅದಕ್ಕೇ ಒಡೆಯಲಾಗದ ಒಂದು ಕೊನೆ ಇರಲೇಬೇಕು. ಕಿಟಕಿಯಿಂದ ಬರುವ ಬಿಸಿಲಿನಲ್ಲಿ ಕಾಣುವ ಧೂಳಿನ ಕಣವೇ ಕಣ್ಣಿಗೆ ಕಾಣುವ ಅತಿ ಚಿಕ್ಕದು, ಅದರಲ್ಲೂ ಆರು ಪರಮಾಣು ಅಂತ ಎಣಿಸಿದರು. ಕಣಾದರ ದರ್ಶನವನ್ನು ವಿಜ್ಞಾನದ ಪಾಠದಲ್ಲೇ ಹೇಳಬೇಕು.

ಕೆಮಿಸ್ಟ್ರಿ ಅಕ್ಕ:
ಸಾಸಿವೆಯ ವಾದ ನನಗೂ ತುಂಬ ಇಷ್ಟ ಸರ್. ಆದರೆ ಹೇಳುವುದಾದರೆ ಎದುರು ವಾದವನ್ನೂ ಹೇಳಬೇಕು. ಬೌದ್ಧ ಪಂಡಿತ ವಸುಬಂಧು ಕೇಳಿದ್ದು ನೆನಪಿಸಿಕೊಳ್ಳಿ. ಒಂದು ಪರಮಾಣುವಿಗೆ ಮೇಲೆ, ಕೆಳಗೆ, ನಾಲ್ಕು ಪಕ್ಕ ಸೇರಿ ಆರು ಪರಮಾಣು ಅಂಟಿಕೊಂಡರೆ ಅದಕ್ಕೆ ಆರು ಮುಖ ಆಯಿತು. ಮುಖ ಇದ್ದ ಮೇಲೆ ಭಾಗ ಇದೆ. ಭಾಗ ಇದ್ದ ಮೇಲೆ ಅದು ಕೊನೆಯದು ಹೇಗೆ? ಎರಡೂ ಕಡೆ ತರ್ಕ ಚೆನ್ನಾಗಿದೆ. ಕೂತಲ್ಲೇ ಯೋಚಿಸಿದರೆ ಯಾರು ಗೆದ್ದರು ಅಂತ ಹೇಳಲಾಗುವುದಿಲ್ಲ. ಡಾಲ್ಟನ್ ಕೂಡ ಪರಮಾಣು ಒಡೆಯುವುದಿಲ್ಲ ಅಂದಿದ್ದರು. 1897ರಲ್ಲಿ ಥಾಮ್ಸನ್ ಪರಮಾಣುವಿಗಿಂತ ತುಂಬ ಹಗುರವಾದ ಎಲೆಕ್ಟ್ರಾನನ್ನು ಕಂಡುಹಿಡಿದರು. ಪೆರಿನ್ ಅಳೆದರು, ಥಾಮ್ಸನ್ ಅಳೆದರು. ವ್ಯತ್ಯಾಸ ಇರುವುದು ಅಲ್ಲಿ.

ಹಳೇ ಮೈಸೂರು ಓದುಗ:
ಅಳತೆ ಮುಖ್ಯ, ಒಪ್ಪುತ್ತೇನೆ. ಆದರೆ ಏನನ್ನು ಅಳೆಯಬೇಕು ಅಂತ ಹೊಳೆಯುವುದು ಪ್ರಶ್ನೆಯಿಂದ. ಕಣಾದರು, ವಸುಬಂಧು ಇಬ್ಬರನ್ನೂ ಒಟ್ಟಿಗೆ ಪಾಠ ಮಾಡಲಿ, ನನಗೆ ಸಂತೋಷವೇ.

ಫಿಸಿಕ್ಸ್ ಮೇಷ್ಟ್ರು:
ನೇರಮಾತು ಅವರ ಮಾತಿಗೆ ಉತ್ತರ ಬಾಕಿ ಇದೆ. ಒಂದು ವಿರುದ್ಧ ಸಾಕ್ಷಿ ಸಿಕ್ಕರೆ ಸಿದ್ಧಾಂತ ಮುಗಿಯಿತು ಅಂದಿರಿ. ಇತಿಹಾಸ ಹಾಗೆ ನಡೆದಿಲ್ಲ. ಯುರೇನಸ್ ಗ್ರಹ ನ್ಯೂಟನ್ ಲೆಕ್ಕದಂತೆ ಚಲಿಸುತ್ತಿರಲಿಲ್ಲ. ನ್ಯೂಟನ್ನನ್ನು ಯಾರೂ ಕೈಬಿಡಲಿಲ್ಲ. ಹೊರಗೆ ಇನ್ನೊಂದು ಗ್ರಹ ಎಳೆಯುತ್ತಿರಬೇಕು ಅಂತ ಲೆವೆರಿಯೆ ಲೆಕ್ಕ ಹಾಕಿದರು. 1846ರಲ್ಲಿ ಬರ್ಲಿನ್‌ನಲ್ಲಿ ಗಾಲೆ ದೂರದರ್ಶಕ ತಿರುಗಿಸಿದರೆ ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನ್ ಸಿಕ್ಕಿತು.

ಬುಧ ಗ್ರಹದಲ್ಲೂ ಇಂಥದೇ ವ್ಯತ್ಯಾಸ ಇತ್ತು. ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಅದರಲ್ಲಿ 43 ಭಾಗ, ಅದೂ ನೂರು ವರ್ಷಕ್ಕೆ. ಅದೇ ಲೆವೆರಿಯೆ ಅದೇ ಉಪಾಯ ಮಾಡಿದರು. ಸೂರ್ಯನ ಹತ್ತಿರ ಇನ್ನೊಂದು ಗ್ರಹ ಇರಬೇಕು ಅಂದರು. ವಲ್ಕನ್ ಅಂತ ಹೆಸರೂ ಇಟ್ಟಾಯಿತು. ಹುಡುಕಿದರು, ಸಿಗಲಿಲ್ಲ. 1915ರಲ್ಲಿ ಐನ್‌ಸ್ಟೈನ್ ಗುರುತ್ವದ ನಿಯಮವನ್ನೇ ಬದಲಿಸಿದಾಗ ಆ 43 ತಾನಾಗಿ ಬಂತು.

ಒಂದೇ ರೀತಿಯ ತೊಂದರೆ. ಒಂದು ಸಲ ನಿಯಮ ಸರಿ, ನಮಗೆ ಗೊತ್ತಿದ್ದ ಗ್ರಹಗಳ ಪಟ್ಟಿ ಅರೆಬರೆ. ಇನ್ನೊಂದು ಸಲ ಪಟ್ಟಿ ಸರಿ, ನಿಯಮ ಸಾಲದು. ಯಾವುದು ಅಂತ ಮೊದಲೇ ಹೇಳುವ ಸೂತ್ರ ಇಲ್ಲ.

ನೇರಮಾತು:
ಇದು ಚೆನ್ನಾಗಿದೆ, ಇನ್ನೂ ಯೋಚಿಸುತ್ತೇನೆ. ಆದರೂ ನನ್ನ ಒಂದು ಮಾತು ಬಿಡುವುದಿಲ್ಲ. ಪುಸ್ತಕದಲ್ಲಿ ಚಿತ್ರದ ಕೆಳಗೆ ಒಂದು ಸಾಲು ಹಾಕಬಹುದಲ್ಲ? "ಇದು ಹೈಡ್ರೋಜನ್ನಿಗೆ ಚೆನ್ನಾಗಿ ನಡೆಯುತ್ತದೆ, ಹೀಲಿಯಂಗೆ ನಡೆಯುವುದಿಲ್ಲ" ಅಂತ. ಅಷ್ಟು ಹೇಳಿದರೆ ಮಕ್ಕಳಿಗೆ ಗೊಂದಲ ಆಗುತ್ತದೆ ಅನ್ನುತ್ತಾರೆ. ಏನೂ ಆಗುವುದಿಲ್ಲ. ಹೇಳದೆ ಇದ್ದಾಗ ಅಣ್ಣ ಬಂದು ತಪ್ಪು ಅಂದ ದಿನ ಎಲ್ಲದರ ಮೇಲೂ ನಂಬಿಕೆ ಹೋಗುತ್ತದೆ.

ಫಿಸಿಕ್ಸ್ ಮೇಷ್ಟ್ರು:
ಪೂರ್ತಿ ಒಪ್ಪುತ್ತೇನೆ. ನಾನು ಕ್ಲಾಸಿನಲ್ಲಿ ಹೇಳುತ್ತೇನೆ. ಎಲ್ಲರೂ ಹೇಳಬೇಕು.

ಎಸ್ಸೆಸ್ಸೆಲ್ಸಿ ಹುಡುಗಿ:
ಎಲ್ಲರಿಗೂ ತುಂಬ ಥ್ಯಾಂಕ್ಸ್. ಇನ್ನೊಂದು ಕೇಳಲಾ? ಪರಮಾಣು ಹೆಚ್ಚುಕಡಿಮೆ ಪೂರ್ತಿ ಖಾಲಿ ಅಂತ ಪಾಠದಲ್ಲಿದೆ. ಮೇಜೂ ಖಾಲಿ, ನನ್ನ ಕೈಯೂ ಖಾಲಿ ಅಂದರೆ ಕೈ ಯಾಕೆ ಮೇಜಿನೊಳಗೆ ಹೋಗುವುದಿಲ್ಲ?

ಕೆಮಿಸ್ಟ್ರಿ ಅಕ್ಕ:
"ಖಾಲಿ" ಅನ್ನುವುದೂ ಆ ಹಳೇ ಚಿತ್ರದಿಂದ ಬಂದ ಮಾತು ಪುಟ್ಟಿ. ನ್ಯೂಕ್ಲಿಯಸ್ ಪರಮಾಣುವಿಗಿಂತ ಹತ್ತಿರ ಹತ್ತಿರ ಲಕ್ಷ ಪಟ್ಟು ಚಿಕ್ಕದು, ಅದು ನಿಜ. ಎಲೆಕ್ಟ್ರಾನನ್ನು ಚುಕ್ಕೆ ಅಂದುಕೊಂಡರೆ ಉಳಿದ ಜಾಗ ಖಾಲಿ ಅನ್ನಿಸುತ್ತದೆ. ಆದರೆ ಈಗಿನ ಸಿದ್ಧಾಂತದಲ್ಲಿ ಎಲೆಕ್ಟ್ರಾನ್ ಆ ಜಾಗದ ತುಂಬ ಹರಡಿಕೊಂಡಿದೆ. ಎರಡು ಎಲೆಕ್ಟ್ರಾನ್ ಒಂದೇ ಸ್ಥಿತಿಯಲ್ಲಿ ಇರಲಾಗದು ಅಂತ 1925ರಲ್ಲಿ ಪೌಲಿ ಹೇಳಿದ ನಿಯಮ ಇದೆ. ಮೇಜಿನ ಎಲೆಕ್ಟ್ರಾನ್, ಕೈಯ ಎಲೆಕ್ಟ್ರಾನ್ ಒಂದರ ಜಾಗದಲ್ಲಿ ಇನ್ನೊಂದು ತೂರಲು ಹೋದರೆ ಶಕ್ತಿ ತುಂಬ ಜಾಸ್ತಿ ಬೇಕು. ವಿದ್ಯುತ್ತಿನ ವಿಕರ್ಷಣೆಯೂ ಜೊತೆಗಿದೆ. ಅದಕ್ಕೇ ಮೇಜು ತಡೆಯುತ್ತದೆ.

ತರ್ಕಪ್ರಿಯ:
"ಹರಡಿಕೊಂಡಿದೆ" ಅಂದಿರಿ ಅಕ್ಕ. ಅಳೆದು ನೋಡಿದಾಗ ಎಲೆಕ್ಟ್ರಾನ್ ಒಂದು ಕಡೆ ಮಾತ್ರ ಸಿಗುತ್ತದೆ. ನೋಡದೆ ಇದ್ದಾಗ ಹರಡಿಕೊಂಡಿತ್ತು ಅನ್ನುವುದು ನಿಜವೋ, ಲೆಕ್ಕದ ಅನುಕೂಲವೋ?

ಫಿಸಿಕ್ಸ್ ಮೇಷ್ಟ್ರು:
ಅದರ ಬಗ್ಗೆ ಭೌತವಿಜ್ಞಾನಿಗಳಲ್ಲೇ ಒಮ್ಮತ ಇಲ್ಲ. ಬೋರ್ ಮತ್ತು ಐನ್‌ಸ್ಟೈನ್ 1927ರಿಂದ ವಾದ ಮಾಡಿದರು, ಇವತ್ತಿಗೂ ಮುಗಿದಿಲ್ಲ. ಲೆಕ್ಕದಲ್ಲಿ ಜಗಳ ಇಲ್ಲ, ಅದರ ಅರ್ಥದಲ್ಲಿ ಇದೆ. ಪುಟ್ಟಿ, ನೀನು ದೊಡ್ಡವಳಾದ ಮೇಲೆ ಕೈ ಹಾಕಲು ಇದು ಬಾಕಿ ಇದೆ. ಸದ್ಯಕ್ಕೆ ಪರೀಕ್ಷೆಯಲ್ಲಿ ಕೆ, ಎಲ್, ಎಂ, ಎನ್ ಅಂತಲೇ ಬರೆ. ಆ ಕವಚಗಳು ಶಕ್ತಿಯ ಹಂತಗಳಾಗಿ ಈಗಿನ ಸಿದ್ಧಾಂತದಲ್ಲೂ ಉಳಿದಿವೆ, ಸುತ್ತುವ ದಾರಿ ಮಾತ್ರ ಹೋಗಿದೆ.

ಆ ಹಂತಗಳ ಗುರುತು ಕಣ್ಣಾರೆ ನೋಡಲು ಇನ್ನೊಂದು ಕೆಲಸ ಮಾಡು. ಒಂದು ಹಳೇ ಸಿಡಿ ತೆಗೆದುಕೊಂಡು ರಾತ್ರಿ ಸಿಎಫ್‌ಎಲ್ ಬಲ್ಬಿನ ಬೆಳಕನ್ನು ಅದರಲ್ಲಿ ಓರೆಯಾಗಿ ನೋಡು. ಬಣ್ಣಗಳು ಬಿಡಿಬಿಡಿಯಾಗಿ ಕಾಣುತ್ತವೆ. ಆಮೇಲೆ ಎಲ್‌ಇಡಿ ನೋಡು, ಬಣ್ಣಗಳು ಒಂದಕ್ಕೊಂದು ಸೇರಿಕೊಂಡಿರುತ್ತವೆ. ಸೂರ್ಯನ ಕಡೆ ಮಾತ್ರ ಹಿಡಿಯಬೇಡ.

ಎಸ್ಸೆಸ್ಸೆಲ್ಸಿ ಹುಡುಗಿ:
ಸರ್, ನೋಡಿದೆ! ಸಿಎಫ್‌ಎಲ್‌ನಲ್ಲಿ ಹಸಿರು ಬೇರೆ, ನೇರಳೆ ಬೇರೆ ಕಾಣಿಸಿತು. ದೇವರ ಮನೆಯಲ್ಲಿ ಹಳೇ ತಂತಿ ಬಲ್ಬ್ ಇದೆ, ಅದನ್ನೂ ನೋಡಿದೆ. ಅದರಲ್ಲಿ ಕೆಂಪಿನಿಂದ ನೇರಳೆವರೆಗೆ ಒಂದೇ ಪಟ್ಟಿ. ತಂತಿಯಲ್ಲೂ ಪರಮಾಣುಗಳೇ ಇರುವುದು ಅಲ್ವಾ? ಅಲ್ಲಿ ಯಾಕೆ ಬಿಡಿ ಬಣ್ಣ ಇಲ್ಲ?

ಫಿಸಿಕ್ಸ್ ಮೇಷ್ಟ್ರು:
ಸಿಎಫ್‌ಎಲ್ ಒಳಗೆ ಪಾದರಸದ ಆವಿ ಇದೆ. ಅಲ್ಲಿ ಪರಮಾಣುಗಳು ದೂರ ದೂರ. ಒಂದೊಂದೂ ತನ್ನದೇ ಹಂತಗಳಿಂದ ಬೆಳಕು ಕೊಡುತ್ತದೆ. ಕೊಳವೆಯ ಒಳಗೆ ಬಳಿದ ಪುಡಿಯೂ ಕೆಲವು ಬಣ್ಣ ಸೇರಿಸುತ್ತದೆ. ತಂತಿ ಟಂಗ್‌ಸ್ಟನ್ನಿನದು, ಘನ ವಸ್ತು. ಅಲ್ಲಿ ಪರಮಾಣುಗಳು ಒತ್ತೊತ್ತಾಗಿ ಕೂತಿರುವುದರಿಂದ ಹಂತಗಳೆಲ್ಲ ಒಂದಕ್ಕೊಂದು ಬೆರೆತು ಅಗಲವಾದ ಪಟ್ಟಿಗಳಾಗುತ್ತವೆ. ಹಾಗಾಗಿ ಕಾದಾಗ ಎಲ್ಲ ಬಣ್ಣವೂ ಬರುತ್ತದೆ. ಬೋರ್ ಬರೆದದ್ದು ಒಂಟಿ ಪರಮಾಣುವಿನ ಚಿತ್ರ. ಇಷ್ಟೊಂದು ಪರಮಾಣುಗಳು ಗುಂಪಾಗಿ ಸೇರಿದರೆ ಏನಾಗುತ್ತದೆ ಅಂತ ಅದು ಹೇಳುವುದೇ ಇಲ್ಲ.